ಆಧಾರಂ, ಆಧಾರ್ ಮತ್ತು ಒಂದು ಅಡಿಕೆ ತೋಟ: ಪೆರ್ಲದ ಕಡೆಯ ಒಂದು ಪ್ರಕರಣ

ವಿಲೇಜ್ ಆಫೀಸಿನಿಂದ, ಅಂದರೆ ಊರಿನ ಕಂದಾಯ ಕಚೇರಿಯಿಂದ, ಬಂದ ಪತ್ರ ಒಂದೇ ಹಾಳೆಯದ್ದು. ಮಲಯಾಳದಲ್ಲಿತ್ತು. ಕೆಳಗೆ ಮೊಹರು, ನಡುವೆ ಹಾಜರಾಗಬೇಕಾದ ತಾರೀಕು. ಗಂಡ ತೀರಿಕೊಂಡ ಮೇಲೆ ಅಡಿಕೆ ತೋಟವನ್ನು ತನ್ನ ಮತ್ತು ಮಕ್ಕಳ ಹೆಸರಿಗೆ ಮಾಡಿಸಲು ಅರ್ಜಿ ಹಾಕಿದ್ದ ಒಬ್ಬ ಅಕ್ಕನಿಗೆ ಬಂದದ್ದು. ಊರು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ, ಎಣ್ಮಕಜೆ ಪಂಚಾಯತಿನೊಳಗೆ. ಅಕ್ಕನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರ ಪ್ರಾಯದ ಎಷ್ಟೋ ಜನರದ್ದು ಇದೇ ಕಥೆ. ಶಾಲೆ ಕಲಿತದ್ದು ಕನ್ನಡದಲ್ಲಿ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ. ಪೇಟೆಗೆ ಹೋದರೆ ಮಲಯಾಳ. ಸರಕಾರದ ಕಾಗದ ಬಂದರೆ ಮಾತ್ರ ಯಾರದ್ದಾದರೂ ಮನೆಯ ಬಾಗಿಲು ತಟ್ಟಬೇಕು.

ಆ ಬಾಗಿಲು ಎಷ್ಟೋ ವರ್ಷ ನಮ್ಮ ವಾಚನಾಲಯವೇ ಆಗಿತ್ತು. ನಿವೃತ್ತ ಮಾಷ್ಟ್ರೊಬ್ಬರು ಸಂಜೆ ಐದಕ್ಕೆ ಬಂದು ಕೂರುತ್ತಿದ್ದರು. ಕಾಗದ ಓದಿ, ಅರ್ಥ ಹೇಳಿ, ಬೇಕಾದರೆ ಉತ್ತರವನ್ನೂ ಬರೆದುಕೊಡುತ್ತಿದ್ದರು. ಅವರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಬರಲಾಗಲಿಲ್ಲ. ಆಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಊರಿನ ಹುಡುಗನೊಬ್ಬ ಒಂದು ದಾರಿ ತೋರಿಸಿದ. ಮೊಬೈಲಿನಲ್ಲಿ ಕಾಗದದ ಫೋಟೋ ತೆಗೆದು ವಿದೇಶಿ ಕಂಪೆನಿಯೊಂದರ ಎಐ ಆ್ಯಪಿಗೆ ಹಾಕಿದರೆ ಅರೆ ನಿಮಿಷದಲ್ಲಿ ಕನ್ನಡ. ಪುಕ್ಕಟೆ ಬೇರೆ. ಆರು ತಿಂಗಳು ನಾವು ಅದನ್ನೇ ನಂಬಿ ಕೂತೆವು. ನಾನು ವಾಚನಾಲಯದ ಲೆಕ್ಕಪತ್ರ ನೋಡುವವನು. ಆ ದಿನ ಅಕ್ಕನ ಪತ್ರದ ಫೋಟೋ ತೆಗೆದವನೂ ನಾನೇ.

ಒಂದು ಸಾಲು

ಪತ್ರದ ಮುಖ್ಯ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿತ್ತು: ‘ಪೋಕ್ಕುವರವ್ ಅಪೇಕ್ಷಯುಮಾಯಿ ಬಂಧಪ್ಪೆಟ್ಟ್ ಎಲ್ಲಾ ಅವಕಾಶಿಗಳುಂ ಅಸ್ಸಲ್ ಆಧಾರಂ ಸಹಿತಂ ಹಾಜರಾಕಣಂ.’

ಆ್ಯಪ್ ಕೊಟ್ಟ ಕನ್ನಡ: ‘ವರ್ಗಾವಣೆ ಅರ್ಜಿಗೆ ಸಂಬಂಧಿಸಿ, ಅವಕಾಶವಿರುವ ಎಲ್ಲರೂ ಮೂಲ ಆಧಾರ್ ಸಹಿತ ಹಾಜರಾಗಬೇಕು.’

ಓದಿ ನೋಡಿ, ಎಷ್ಟು ಚಂದದ ಕನ್ನಡ. ಎಲ್ಲೂ ಎಡವುವುದಿಲ್ಲ. ಹಾಗಾಗಿಯೇ ನನಗೆ ಸಂಶಯ ಬರಲಿಲ್ಲ.

ಮಲಯಾಳದಲ್ಲಿ ಆಧಾರಂ ಅಂದರೆ ಜಾಗದ ನೋಂದಣಿ ಪತ್ರ, ನಮ್ಮ ದಸ್ತಾವೇಜು. ಆಧಾರ್ ಕಾರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಅವಕಾಶಂ ಅಂದರೆ ಹಕ್ಕು, ಅವಕಾಶಿ ಅಂದರೆ ವಾರಸುದಾರ. ಕನ್ನಡದಲ್ಲಿ ಅವಕಾಶ ಅಂದರೆ ಪುರುಸೊತ್ತು, ಅನುಕೂಲ. ‘ವಾರಸುದಾರರೆಲ್ಲರೂ ಮೂಲ ದಸ್ತಾವೇಜು ತನ್ನಿ’ ಅಂತ ಆಫೀಸು ಬರೆದದ್ದು, ‘ಪುರುಸೊತ್ತು ಇದ್ದವರು ಆಧಾರ್ ಕಾರ್ಡು ತನ್ನಿ’ ಅಂತ ಅಕ್ಕನ ಕಿವಿಗೆ ಬಿತ್ತು.

ಇಂಥ ಜೋಡಿಗಳು ಇನ್ನೂ ಇವೆ. ಮಲಯಾಳದ ಅಪೇಕ್ಷ ಅಂದರೆ ಅರ್ಜಿ, ನಮ್ಮ ಅಪೇಕ್ಷೆ ಆಸೆ. ಅಲ್ಲಿ ಉತ್ತರವ್ ಅಂದರೆ ಆದೇಶ, ಇಲ್ಲಿ ಉತ್ತರವು ಅಂದರೆ ಜವಾಬು. ಹಾಜರಾಕಣಂ ಅಂದರೆ ನೀವು ಬರಬೇಕು. ಅದೇ ಹಾಜರಾಕ್ಕಣಂ ಅಂದರೆ ಕಾಗದ ತಂದು ತೋರಿಸಬೇಕು. ಎರಡರ ನಡುವೆ ಇರುವುದು ಒಂದು ಒತ್ತಕ್ಷರದ ಅಂತರ. ಪೋಕ್ಕುವರವ್ ಅಂತೂ ಶಬ್ದಶಃ ಹೋಗಿ ಬರುವುದು. ಕಂದಾಯದ ಮಾತಿನಲ್ಲಿ ಜಾಗದ ಹೆಸರು ಬದಲಾಯಿಸುವುದು. ಎರಡೂ ಭಾಷೆಯ ನಡುವೆ ಬದುಕುವ ನಮಗೆ ಇವು ತಮಾಷೆ. ಮದುವೆ ಮನೆಯಲ್ಲಿ ಹೇಳಿ ನಗುತ್ತೇವೆ.

ಯಂತ್ರ ಯಾಕೆ ತಪ್ಪಿತು ಅಂತ ಹುಡುಗ ವಿವರಿಸಿದ. ಈ ಉಪಕರಣಗಳು ಕಲಿತದ್ದು ಅಂತರಜಾಲದಲ್ಲಿ ಸಿಕ್ಕ ಬರಹದಿಂದ, ಅದರಲ್ಲಿ ಇಂಗ್ಲಿಷೇ ಜಾಸ್ತಿ. ಮಲಯಾಳದಿಂದ ನೇರವಾಗಿ ಕನ್ನಡಕ್ಕೆ ಬಂದ ಬರಹ ಬಹಳ ಕಡಿಮೆ. ಹಾಗಾಗಿ ಎಷ್ಟೋ ಕಡೆ ದಾರಿ ಇಂಗ್ಲಿಷಿನ ಮೇಲಿಂದ ಹೋಗುತ್ತದೆ. ಅದೂ ಅಲ್ಲದೆ ‘ಆಧಾರ್ ತನ್ನಿ’ ಎಂಬ ಮಾತು ಭಾರತದ ಸರಕಾರಿ ಕಾಗದಗಳಲ್ಲಿ ಎಲ್ಲಿ ನೋಡಿದರೂ ಇದೆ. ಜಾಸ್ತಿ ಕಂಡದ್ದನ್ನೇ ಯಂತ್ರ ಊಹಿಸುತ್ತದೆ. ಕಂದಾಯ ಇಲಾಖೆಯ ಮಲಯಾಳವನ್ನು ಕಾಸರಗೋಡಿನ ಕನ್ನಡಕ್ಕೆ ತರುವ ಕೆಲಸ ಈ ಲೋಕದಲ್ಲಿ ಮಾಷ್ಟ್ರಂಥ ಬೆರಳೆಣಿಕೆಯ ಜನ ಮಾಡಿದ್ದು. ಅದೂ ಬಾಯಿಯಲ್ಲಿ.

ಆಮೇಲೆ ಆದದ್ದು

ಅಕ್ಕನ ದೊಡ್ಡ ಮಗ ದುಬೈಯಲ್ಲಿ. ಚಿಕ್ಕವನು ಮಂಗಳೂರಿನ ಅಂಗಡಿಯಲ್ಲಿ. ಮಗಳನ್ನು ಕೊಟ್ಟದ್ದು ಪುತ್ತೂರಿಗೆ. “ಅವಕಾಶ ಇದ್ದವರು ಅಲ್ವಾ ಬರಬೇಕಾದ್ದು? ಅವರಿಗೆಲ್ಲ ಯಾಕೆ ತೊಂದರೆ, ನಾನೇ ಹೋಗಿ ಬರುತ್ತೇನೆ” ಅಂದರು. ಆಧಾರ್ ಕಾರ್ಡು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಕೊಂಡು ಹೋದರು. ಆಫೀಸಿನಲ್ಲಿ ಆಧಾರಂ ಎಲ್ಲಿ ಅಂತ ಕೇಳಿದಾಗ ಕಾರ್ಡು ಮುಂದಿಟ್ಟರಂತೆ. ಮತ್ತೆ ಕೇಳಿದರು, ಮತ್ತೆ ಅದನ್ನೇ ಮುಂದಿಟ್ಟರು. ಫೈಲು ಮುಂದಕ್ಕೆ ಹೋಗಲಿಲ್ಲ. ಹೊಸ ತಾರೀಕು ಬಂದದ್ದು ಮಳೆಗಾಲದ ಒಳಗೆ.

ಜಾಗ ಸತ್ತವರ ಹೆಸರಿನಲ್ಲೇ ಇದ್ದದ್ದರಿಂದ ಬೆಳೆಸಾಲ ಹೊಸತು ಮಾಡಲಾಗಲಿಲ್ಲ. ತೋಟಕ್ಕೆ ಎಲೆಚುಕ್ಕಿ ರೋಗ ಬೇರೆ. ಮಳೆ ಹಿಡಿಯುವ ಮೊದಲು ಬೋರ್ಡೋ ಔಷಧಿ ಹೊಡೆಯಲೇಬೇಕು. ಅಕ್ಕ ಬಳೆ ಅಡವಿಟ್ಟರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆ್ಯಪಿನ ಕಂಪೆನಿಗೆ ದೂರು ಹೇಳೋಣ ಅಂತ ಹುಡುಗ ಹೊರಟ. ಅದಕ್ಕೆ ಪುರಾವೆ ಬೇಕಲ್ಲ? ಅದೇ ಫೋಟೋವನ್ನು ಮತ್ತೆ ಹಾಕಿದ. ಈ ಸಲ ಬೇರೆಯೇ ಕನ್ನಡ ಬಂತು. ದಸ್ತಾವೇಜು ಸರಿಯಾಗಿತ್ತು, ಅವಕಾಶ ಹಾಗೇ ಉಳಿದಿತ್ತು. ಆ್ಯಪಿನ ಹೆಸರು ಅದೇ, ಬಣ್ಣ ಅದೇ. ಒಳಗಿನ ಯಂತ್ರ ಬದಲಾಗಿತ್ತೋ, ಅಥವಾ ಅದೇ ಯಂತ್ರ ಇನ್ನೊಂದು ಊಹೆ ಮಾಡಿತೋ, ಹೊರಗೆ ಕೂತವರಿಗೆ ಗೊತ್ತಾಗುವ ದಾರಿ ಇಲ್ಲ. ಮೊದಲಿನ ಅನುವಾದವನ್ನು ನಾವು ಇಟ್ಟುಕೊಂಡಿರಲಿಲ್ಲ. ಅಕ್ಕನಿಗೆ ಓದಿ ಹೇಳಿ ಅಳಿಸಿದ್ದೆವು. ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡ ಆ ಒಂದು ಸಾಲು ಮಾತ್ರ ಉಳಿದದ್ದು. ದೂರಿನ ಫಾರ್ಮು ಇಂಗ್ಲಿಷಿನಲ್ಲಿತ್ತು. ತುಂಬಿಸಿ ಕಳಿಸಿದೆವು, ವಂದನೆ ತಿಳಿಸುವ ಒಂದು ಮಿಂಚಂಚೆ ಬಂತು. ಅಷ್ಟೇ.

ವಿಲೇಜ್ ಆಫೀಸನ್ನು ದೂರಿ ಪ್ರಯೋಜನ ಇಲ್ಲ. ಅವರು ಬರೆದ ಮಲಯಾಳ ಸರಿಯಾಗಿಯೇ ಇತ್ತು.

ಡಬ್ಬಿಯ ಮೇಲಿನ ಹೆಸರು

ಮಾಷ್ಟ್ರು ವಾಪಸು ಬಂದಾಗ ಇದನ್ನೆಲ್ಲ ಹೇಳಿದೆವು. ಅವರು ಕೇಳಿದ್ದು ಬೇರೆಯೇ ಪ್ರಶ್ನೆ. “ಆ ಫೋಟೋಗಳೆಲ್ಲ ಈಗ ಎಲ್ಲಿವೆ?”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆರು ತಿಂಗಳಲ್ಲಿ ಹಾಕಿದ ಕಾಗದಗಳಲ್ಲಿ ಸರ್ವೆ ನಂಬ್ರ ಇತ್ತು, ಪಡಿತರ ಚೀಟಿ ಇತ್ತು, ಬ್ಯಾಂಕಿನ ನೋಟೀಸು ಇತ್ತು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವ ಮಕ್ಕಳ ವೈದ್ಯಕೀಯ ಕಾಗದಗಳೂ ಇದ್ದವು. ಎಣ್ಮಕಜೆಯಲ್ಲಿ ಅಂಥ ಕಾಗದ ಇಲ್ಲದ ಓಣಿ ಸಿಗುವುದು ಕಷ್ಟ.

ಅಂತಾರಾಷ್ಟ್ರೀಯ ಒಪ್ಪಂದ ಅಂದರೆ ಬೇರೆ ಊರಿನವರಿಗೆ ಟಿವಿಯ ಸುದ್ದಿ. ನಮಗೆ ಹಾಗಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ವಿಷ ಸುರಿದರು. ಪಡ್ರೆಯ ವೈದ್ಯ ವೈ.ಎಸ್. ಮೋಹನ ಕುಮಾರ್ ತನ್ನ ರೋಗಿಗಳಲ್ಲಿ ಕಂಡದ್ದನ್ನು ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಲೋಕಕ್ಕೆ ಮುಟ್ಟಿಸಿದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆ ತಂದರು. ಅಲ್ಲಿಂದ ಹೊರಟ ದಾರಿ 2011ರ ಏಪ್ರಿಲಿನಲ್ಲಿ ಜಿನೀವಾ ಮುಟ್ಟಿತು. ಬಹುಕಾಲ ಉಳಿಯುವ ವಿಷಗಳನ್ನು ಲೋಕದಾದ್ಯಂತ ನಿಲ್ಲಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೊದಲು ವಿರೋಧಿಸಿದ ದೇಶಗಳಲ್ಲಿ ನಮ್ಮದೂ ಒಂದು. ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಇಟ್ಟು ಒಪ್ಪಿತು. ಮುಂದಿನ ತಿಂಗಳು ಸುಪ್ರೀಂ ಕೋರ್ಟು ದೇಶದೊಳಗೆ ತಡೆದು ನಿಲ್ಲಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂಬ ಆದೇಶ ಬಂದದ್ದು 2017ರಲ್ಲಿ.

ತಡವಾಯಿತು, ನಿಜ. ಒಂದು ತಲೆಮಾರೇ ಹೋಯಿತು. ಆದರೆ ಅಲ್ಲಿ ಹಿಡಿಯಲು ಏನೋ ಒಂದು ಇತ್ತು. ಡಬ್ಬಿಯ ಮೇಲೆ ಹೆಸರಿತ್ತು. ಸಿಂಪಡಿಸಿದ ದಿನಕ್ಕೆ ಲೆಕ್ಕ ಇತ್ತು. ನೀರಿನಲ್ಲಿ, ರಕ್ತದಲ್ಲಿ ಹುಡುಕಿದರೆ ಸಿಗುತ್ತಿತ್ತು. ನಮ್ಮ ಪ್ರಕರಣದಲ್ಲಿ ಎರಡು ವಾರದ ನಂತರ ಡಬ್ಬಿಯೇ ಬೇರೆಯಾಗಿತ್ತು. ಎಐಯನ್ನು ವಿಷಕ್ಕೆ ಹೋಲಿಸುತ್ತಿದ್ದೇನೆ ಅಂತ ತಿಳಿಯಬೇಡಿ. ಅದು ನಮಗೆ ಆರು ತಿಂಗಳು ಉಪಕಾರವನ್ನೂ ಮಾಡಿದೆ. ನಾನು ಹೇಳುತ್ತಿರುವುದು ಗುರುತು ಹಿಡಿಯುವ ವಿಷಯ. ಏನು ಬಳಸಿದೆವು, ಯಾವ ದಿನ, ಯಾವ ಆವೃತ್ತಿ, ಏನು ಹೇಳಿತು. ಇಷ್ಟಿಲ್ಲದೆ ಯಾವ ಕೋರ್ಟಿನ ಮೆಟ್ಟಿಲು ಹತ್ತುವುದು?

ದೇಶದ್ದಾದರೆ ಸಾಕೇ?

ವಾಚನಾಲಯದಲ್ಲಿ ಒಂದು ಭಾನುವಾರ ಇದರ ಮೇಲೆ ಜೋರು ಚರ್ಚೆ ಆಯಿತು. ಹೆಚ್ಚಿನವರ ಅಭಿಪ್ರಾಯ, ವಿದೇಶದ್ದನ್ನು ಬಿಟ್ಟು ನಮ್ಮ ದೇಶದ್ದನ್ನೇ ಬಳಸೋಣ ಅಂತ. ಅದರಲ್ಲಿ ಅರ್ಥ ಇದೆ. 2025ರ ಜುಲೈಯಲ್ಲಿ ಗುಜರಾತಿನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯ ಇಮೇಲು ಮತ್ತಿತರ ಸೇವೆಗಳನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಕಂಪೆನಿಯ ಸುಮಾರು ಅರ್ಧ ಪಾಲು ರಷ್ಯಾದ ರಾಸ್‌ನೆಫ್ಟ್‌ನದ್ದು, ಯುರೋಪ್ ಒಕ್ಕೂಟ ದಿಗ್ಬಂಧನ ಹೇರಿತ್ತು. ಯುರೋಪಿನಲ್ಲಿ ಆದ ತೀರ್ಮಾನ, ಅಮೆರಿಕದ ಕಂಪೆನಿ, ನಿಂತದ್ದು ಭಾರತದೊಳಗಿನ ಕೆಲಸ. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು, ತಿಂಗಳ ಕೊನೆಗೆ ಸೇವೆ ಮತ್ತೆ ಬಂತು. ಅಷ್ಟು ದೊಡ್ಡ ಕಂಪೆನಿಗೇ ಹೀಗಾದರೆ ನಮ್ಮ ವಾಚನಾಲಯ ಯಾವ ಲೆಕ್ಕ? ಅದೇ ವರ್ಷದ ಜನವರಿಯಲ್ಲಿ ಅಮೆರಿಕ ಎಐ ಚಿಪ್ಪು ಯಾವ ದೇಶಕ್ಕೆ ಎಷ್ಟು ಎಂಬ ನಿಯಮ ಹೊರಡಿಸಿತು. ಭಾರತವನ್ನು ಎರಡನೇ ಸಾಲಿನಲ್ಲಿ ಕೂರಿಸಿತ್ತು. ಸರಕಾರ ಬದಲಾಯಿತು, ಮೇ ತಿಂಗಳಲ್ಲಿ ನಿಯಮವನ್ನೇ ವಾಪಸು ತೆಗೆದರು. ಕೊಟ್ಟವರೂ ಅವರೇ, ತೆಗೆದವರೂ ಅವರೇ.

ಭಾರತ ಸುಮ್ನೆ ಕೂತಿಲ್ಲ. 2024ರ ಮಾರ್ಚಿನಲ್ಲಿ 10,000 ಕೋಟಿ ರೂಪಾಯಿ ದಾಟುವ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಭಾಷೆಗಳಿಗಾಗಿ 2022ರಲ್ಲೇ ಭಾಷಿಣಿ ಎಂಬ ಸರಕಾರಿ ಅನುವಾದ ಯೋಜನೆ ಬಂದಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 22 ಭಾಷೆಗಳಿಗೆ ಇಂಡಿಕ್‌ಟ್ರಾನ್ಸ್2 ಎಂಬ ಅನುವಾದ ಮಾದರಿ, ಅಂದರೆ ಆ್ಯಪಿನ ಒಳಗೆ ಓಡುವಂಥ ಯಂತ್ರ, ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದೆ.

ಆದರೂ ನನಗೆ ಒಂದು ಕಡೆ ತಕರಾರು ಇತ್ತು. ಆ 22 ಅಂದರೆ ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟಿ. ಅದರಲ್ಲಿ ತುಳು ಇಲ್ಲ, ಬ್ಯಾರಿ ಇಲ್ಲ. ಸಪ್ತಭಾಷಾ ಸಂಗಮ ಭೂಮಿ ಅಂತ ಹೆಮ್ಮೆಪಡುವ ನಮ್ಮೂರಿನಲ್ಲಿ ದೆಹಲಿಯ ಪಟ್ಟಿ ಅರ್ಧ ಮನೆಗಳ ಅಂಗಳದಲ್ಲೇ ನಿಲ್ಲುತ್ತದೆ. ಇನ್ನೊಂದು, ನಾವು ಅದೇ ಸಾಲನ್ನು ಮೂರು ಉಪಕರಣಗಳಲ್ಲಿ ಹಾಕಿ ನೋಡಿದೆವು. ಒಳಗಿನದ್ದೂ ಇತ್ತು, ಹೊರಗಿನದ್ದೂ ಇತ್ತು. ಆಧಾರಂ ಒಂದೊಂದು ಕಡೆ ಸರಿ ಬಂತು, ಅವಕಾಶಿ ಒಂದೊಂದು ಕಡೆ ಹಾಳಾಯಿತು. ಯಂತ್ರದ ಪಾಸ್‌ಪೋರ್ಟು ನೋಡಿ ಅನುವಾದ ಸರಿಯಾಗುವುದಿಲ್ಲ.

ಕಾನೂನು ನೋಡಿದರೆ ಒಂದು ವಿಚಿತ್ರ ಸಿಕ್ಕಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಮ್ಮ ಮಾಹಿತಿ ತೆಗೆದುಕೊಳ್ಳುವವರು ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷಿನಲ್ಲಿ ಅಥವಾ ಆ 22ರಲ್ಲಿ ನೀವು ಬಯಸಿದ ಭಾಷೆಯಲ್ಲಿ ಓದುವ ಅನುಕೂಲ ಮಾಡಿಕೊಡಬೇಕು. ಅಂದರೆ ಕೇರಳದಲ್ಲಿ ಕೂತ ಅಕ್ಕ ಕನ್ನಡದಲ್ಲಿ ಕೇಳಬಹುದು! ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪೆನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಹೊರದೇಶಕ್ಕೆ ಮಾಹಿತಿ ಕಳಿಸಲು ತಡೆ ಇಲ್ಲ, ಕೇಂದ್ರ ಸರಕಾರ ಬೇಡ ಅಂದ ದೇಶ ಬಿಟ್ಟು. ಸರಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿಯನ್ನೂ ಇಟ್ಟುಕೊಂಡಿದೆ. ದೇಶದ ಹಿಡಿತ ಎಂಬ ಮಾತಿನಲ್ಲಿ ಹಿಡಿತ ದೇಶದ್ದು. ಅಕ್ಕನದ್ದಲ್ಲ.

ಎಐ ಬಗ್ಗೆ ದೇಶದೇಶಗಳ ಮಾತುಕತೆಗಳೂ ನಡೆದಿವೆ. 2023ರಲ್ಲಿ ಬ್ರಿಟನ್ನಿನ ಬ್ಲೆಚ್ಲಿ, 2024ರಲ್ಲಿ ದಕ್ಷಿಣ ಕೊರಿಯಾದ ಸೋಲ್, 2025ರಲ್ಲಿ ಪ್ಯಾರಿಸ್, 2026ರ ಫೆಬ್ರವರಿಯಲ್ಲಿ ದೆಹಲಿ. ಪ್ಯಾರಿಸಿನ ಹೇಳಿಕೆಗೆ ಅಮೆರಿಕ, ಬ್ರಿಟನ್ ಸಹಿ ಹಾಕಲಿಲ್ಲ. ಇವು ಯಾವುವೂ ಕೈ ಕಟ್ಟುವ ಒಪ್ಪಂದಗಳಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2025ರ ಆಗಸ್ಟಿನಲ್ಲಿ 40 ಜನರ ವೈಜ್ಞಾನಿಕ ಸಮಿತಿಗೂ ಜಾಗತಿಕ ಸಂವಾದಕ್ಕೂ ಒಪ್ಪಿತು. ದಂಡ ಹಾಕುವ ಹಲ್ಲು ಇರುವುದು ಯುರೋಪ್ ಒಕ್ಕೂಟದ ಎಐ ಕಾಯ್ದೆಗೆ. ತೀರಾ ದೊಡ್ಡ ತಪ್ಪಿಗೆ ಕಂಪೆನಿಯ ಜಾಗತಿಕ ವಹಿವಾಟಿನ ನೂರಕ್ಕೆ ಏಳರವರೆಗೆ. ಅದು ಅವರ ಜನರಿಗೆ. ಭಾರತದ 2025ರ ಎಐ ಮಾರ್ಗಸೂಚಿಯಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು: ಎಐಯಿಂದ ಆದ ಅವಘಡಗಳನ್ನು ಬರೆದಿಡುವ ರಾಷ್ಟ್ರೀಯ ದಾಖಲೆ ಬೇಕು. ಅಕ್ಕನ ಬಳೆಯ ಕಥೆ ಅದರಲ್ಲಿ ಒಂದು ಸಾಲಾಗಿ ಸೇರಬೇಕು. ಯಾವ ಭಾಷೆಯಲ್ಲಿ ಬರೆದು ಕೊಟ್ಟರೂ ಸೇರಬೇಕು.

ನಮಗೆ ನಿಜವಾಗಿ ದಾರಿ ತೋರಿಸಿದ್ದು ಇವು ಯಾವುವೂ ಅಲ್ಲ, ಕೇರಳ ಹೈಕೋರ್ಟು. 2025ರ ಜುಲೈಯಲ್ಲಿ ಅದು ಜಿಲ್ಲಾ ನ್ಯಾಯಾಲಯಗಳಿಗೆ ಎಐ ನೀತಿ ಹೊರಡಿಸಿತು. ತೀರ್ಪು ಬರೆಯಲು ಎಐ ಬೇಡ. ಒಪ್ಪಿಗೆ ಪಡೆದ ಉಪಕರಣ ಮಾತ್ರ. ಅನುವಾದಕ್ಕೆ ಬಳಸಿದರೆ ಅನುವಾದಕರೋ ನ್ಯಾಯಾಧೀಶರೋ ಓದಿ ನೋಡಲೇಬೇಕು. ಎಲ್ಲಿ ಬಳಸಿದೆವು ಎಂಬುದಕ್ಕೆ ಲೆಕ್ಕ ಇಡಬೇಕು. “ಕೋರ್ಟಿಗೆ ಬೇಕಾದ್ದು ಕಾಗದಕ್ಕೂ ಬೇಕಲ್ವಾ?” ಅಂದರು ಮಾಷ್ಟ್ರು.

ಈಗ ಹೇಗೆ ನಡೆಯುತ್ತಿದೆ

ಒಂದು ಹಳೆಯ ಕಂಪ್ಯೂಟರು ಸಿಕ್ಕಿತು. ಹುಡುಗ ಮುಕ್ತವಾಗಿ ಸಿಗುವ ಮಾದರಿಯೊಂದನ್ನು ಅದರಲ್ಲೇ ಕೂರಿಸಿದ. ಇಂಟರ್ನೆಟ್ ತೆಗೆದು ಹಾಕಿದರೂ ಓಡುತ್ತದೆ. ನಿಧಾನ. ಒಂದು ಪುಟಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತು. ಆವೃತ್ತಿ ಬದಲಾಯಿಸುವುದು ನಾವೇ, ಬದಲಾಯಿಸಿದ ದಿನ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಕೊಟ್ಟ ಅನುವಾದದ ಒಂದು ಪ್ರತಿಗೆ ತಾರೀಕು ಹಾಕಿ ಮನೆಯವರ ಕೈಯಲ್ಲೇ ಕೊಡುತ್ತೇವೆ. ಕಾಯಿಲೆಯ ಕಾಗದಗಳನ್ನು ಯಂತ್ರಕ್ಕೆ ಹಾಕುವುದೇ ಇಲ್ಲ, ಮಾಷ್ಟ್ರೇ ಓದುತ್ತಾರೆ. ಹಳೆಯ ಖಾತೆಯನ್ನು ಅಳಿಸಿದೆವು. ಅಲ್ಲಿಗೆ ಹೋದ ಫೋಟೋಗಳ ಬಗ್ಗೆ ಕಂಪೆನಿ ಬರೆದ ಮಾತನ್ನು ನಂಬುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಯಾರ ಯಾರ ಕಾಗದ ಹೋಗಿತ್ತೋ ಅವರ ಮನೆಗೆ ಹೋಗಿ ಹೇಳಿ ಬಂದೆ. ಕೆಲವರು ನಕ್ಕರು. ಒಬ್ಬ ತಾಯಿ ನಗಲಿಲ್ಲ.

ಎಲ್ಲದಕ್ಕಿಂತ ಉಪಯೋಗಕ್ಕೆ ಬಂದದ್ದು ಮಾಷ್ಟ್ರ ಪದಪಟ್ಟಿ. ಆಧಾರಂ, ಅವಕಾಶಿ, ಅಪೇಕ್ಷ, ಉತ್ತರವ್, ಹಾಜರಾಕ್ಕಣಂ, ಪೋಕ್ಕುವರವ್ ಹೀಗೆ ಕಾಲು ಎಡವುವ ಪದಗಳೆಲ್ಲ ಅದರಲ್ಲಿವೆ. ಮಲಯಾಳ ಪತ್ರದಲ್ಲಿ ಇವುಗಳಲ್ಲಿ ಯಾವುದಾದರೂ ಕಂಡರೆ ಕಂಪ್ಯೂಟರು ಕೆಂಪು ಗೆರೆ ಎಳೆಯುತ್ತದೆ. ಗೆರೆ ಬಿದ್ದ ಕಾಗದ ಮನುಷ್ಯರು ಓದದೆ ಹೊರಗೆ ಹೋಗುವುದಿಲ್ಲ. ಇದಕ್ಕೆ ಎಐ ಬೇಡ, ಪದ ಹುಡುಕುವ ಸಾದಾ ಕೆಲಸ. ಪಟ್ಟಿ ತಯಾರಾಗಲು ಮಾತ್ರ ಮಾಷ್ಟ್ರಿಗೆ ನಲವತ್ತು ವರ್ಷ ಹಿಡಿದಿದೆ.

ಅಕ್ಕನ ಎರಡನೇ ವಿಚಾರಣೆಗೆ ಚಿಕ್ಕ ಮಗ, ಮಗಳು ಬಂದರು. ದೊಡ್ಡವನು ದುಬೈಯಿಂದ ಅಧಿಕಾರಪತ್ರ ಕಳಿಸಿದ. ದಸ್ತಾವೇಜು ಕಬ್ಬಿಣದ ಪೆಟ್ಟಿಗೆಯಿಂದ ಹೊರಬಂತು. ತೋಟ ಅವರ ಹೆಸರಿಗಾಯಿತು. ಬಳೆಯನ್ನು ಅಡಿಕೆ ಮಾರಿದ ಮೇಲೆ ಬಿಡಿಸಿಕೊಂಡರು.

ಇದೆಲ್ಲ ಮುಗಿದ ಮೇಲೆ ಮಾಷ್ಟ್ರು ಒಂದು ಹಳೇ ವಿಷಯ ಎತ್ತಿದರು. 1969ರ ಕೇರಳದ ಆಡಳಿತ ಭಾಷಾ ಕಾನೂನಿನಲ್ಲೇ ಬರೆದದ್ದು ಇದು. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅಕ್ಕನ ಮೊದಲ ಪತ್ರ ಕನ್ನಡದಲ್ಲಿ ಬಂದಿದ್ದರೆ ಯಂತ್ರವೂ ಬೇಡ, ಜಿನೀವಾವೂ ಬೇಡ. ಐವತ್ತಕ್ಕೂ ಹೆಚ್ಚು ವರ್ಷದ ಹಳೇ ಹಕ್ಕನ್ನು ಕೇಳಿ ಪಡೆಯುವ ಬದಲು ನಾವು ಸಮುದ್ರದಾಚೆಯ ಯಂತ್ರದ ಮೊರೆ ಹೋಗಿದ್ದೆವು. ಸುಲಭ ಇತ್ತು, ಅದಕ್ಕೆ.

ವಾಚನಾಲಯದ ಪರವಾಗಿ ಕನ್ನಡದಲ್ಲಿ ಒಂದು ಅರ್ಜಿ ಬರೆದೆವು. ಇನ್ನು ಮುಂದೆ ಈ ಊರಿನವರಿಗೆ ಕಳಿಸುವ ನೋಟೀಸು ಕನ್ನಡದಲ್ಲಿ ಇರಲಿ ಅಂತ. ಮೂವತ್ತು ಜನ ಸಹಿ ಹಾಕಿದರು, ಅಕ್ಕನದ್ದು ಮೊದಲು. ಕಳೆದ ವಾರ ಜವಾಬು ಬಂತು. ಒಂದೇ ಹಾಳೆ, ಮಲಯಾಳದಲ್ಲಿ. ಕಂಪ್ಯೂಟರಿಗೆ ಕೊಟ್ಟೆವು. ಎರಡನೇ ಸಾಲಿನ ‘ಉತ್ತರವ್’ ಕೆಳಗೆ ಕೆಂಪು ಗೆರೆ ಬಿತ್ತು. ಮಾಷ್ಟ್ರು ಕನ್ನಡಕ ಹಾಕಿಕೊಂಡು ಕುರ್ಚಿ ಹತ್ತಿರ ಎಳೆದರು.